ಒಬ್ಬರ ದೂರು, ಎಲ್ಲರ ಕಾನೂನು

(ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ವಾರವಿಡೀ ಎಲೆ ಕಿತ್ತು, ಗೊಬ್ಬರ ಹೊತ್ತು, ಔಷಧಿ ಹೊಡೆದು ದಣಿದವರಿಗೆ ಒಂದು ಭಾನುವಾರ ಸಿಕ್ಕಿದರೆ ನೂರು ಕೆಲಸ ಕಾದಿರುತ್ತದೆ. ಬಟ್ಟೆ ಒಗೆಯಬೇಕು, ಸೌದೆ ತರಬೇಕು, ಸಂತೆಗೆ ಹೋಗಬೇಕು. ಅದನ್ನೆಲ್ಲ ಬಿಟ್ಟು ಇಷ್ಟು ಜನ ಬಂದು ಕುಳಿತಿದ್ದೀರಿ. ಆದುದರಿಂದ ಸುತ್ತಿ ಬಳಸದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಇಂದು ನಾನು ಮಾತಾಡಬೇಕಾದ ವಿಷಯ ಕಾನೂನು ಸಹಾಯ ಕೇಂದ್ರಗಳು. ಈ ಹೆಸರು ಕೇಳಿದೊಡನೆ, "ದುಡ್ಡಿಲ್ಲದವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಜಾಗ" ಎಂದು ನಮ್ಮಲ್ಲಿ ಬಹಳ ಮಂದಿ ತಿಳಿಯುತ್ತಾರೆ. ಅದು ಸುಳ್ಳಲ್ಲ. ಆದರೆ ಅದು ಅರ್ಧ ಕೆಲಸ ಮಾತ್ರ. ಉಳಿದರ್ಧದ ವಿಷಯ ನಮಗೆ ಯಾರೂ ಹೇಳುವುದಿಲ್ಲ. ಕಾನೂನೇ ತಪ್ಪಾಗಿದ್ದರೆ ಅದನ್ನು ತಿದ್ದಿಸುವುದು, ಕಾನೂನು ಇಲ್ಲದಿದ್ದರೆ ಮಾಡಿಸುವುದು, ಇದ್ದೂ ನಡೆಯದಿದ್ದರೆ ನಡೆಯುವಂತೆ ಮಾಡುವುದು, ಇದು ಆ ಉಳಿದರ್ಧ.

ಒಂದು ಉದಾಹರಣೆಯಿಂದ ಹೇಳುತ್ತೇನೆ. ಒಂದು ಲೈನಿನಲ್ಲಿ ಹತ್ತು ಮನೆಗಳಿವೆ ಎಂದಿಟ್ಟುಕೊಳ್ಳಿ. ಮೊದಲನೆಯ ಮನೆಯ ಮಗುವಿಗೆ ಭೇದಿಯಾಯಿತು. ತಾಯಿ ತೋಟದ ಆಸ್ಪತ್ರೆಗೆ ಹೋದಳು, ಕಂಪೌಂಡರು ಮಾತ್ರೆ ಕೊಟ್ಟರು. ಮಾರನೆಯ ದಿನ ಮೂರನೆಯ ಮನೆ, ಅದರ ಮಾರನೆಯ ದಿನ ಏಳನೆಯ ಮನೆ. ಎಲ್ಲರಿಗೂ ಮಾತ್ರೆ ಸಿಕ್ಕಿತು. ಕಂಪೌಂಡರ ತಪ್ಪೇನೂ ಇಲ್ಲ. ಆದರೆ ಯಾರಾದರೂ ಒಬ್ಬರು, "ಇಷ್ಟು ಮನೆಗಳಿಗೆ ಒಂದೇ ಕಾಯಿಲೆ ಬರಬೇಕಾದರೆ ನೀರಿನ ಟ್ಯಾಂಕನ್ನು ನೋಡಬೇಡವೇ?" ಎಂದು ಕೇಳಬೇಕಲ್ಲವೇ? ಟ್ಯಾಂಕಿನ ಮುಚ್ಚಳ ತೆಗೆದು ನೋಡುವವರೆಗೆ ಮಾತ್ರೆ ಮುಗಿಯುವುದಿಲ್ಲ, ಕಾಯಿಲೆಯೂ ಮುಗಿಯುವುದಿಲ್ಲ.

ಒಬ್ಬರ ಪಿ.ಎಫ್. ಕೇಸು ನಡೆಸುವುದು ಮಾತ್ರೆ ಕೊಟ್ಟ ಹಾಗೆ. ಅದು ಬೇಕೇ ಬೇಕು. ಆದರೆ ಹತ್ತು ಮಂದಿಯ ಪಿ.ಎಫ್. ಒಂದೇ ಕಾರಣಕ್ಕೆ ನಿಂತಿದ್ದರೆ ಆ ಕಾರಣವನ್ನೇ ಹಿಡಿಯಬೇಕು. ಅದು ಟ್ಯಾಂಕು ತೊಳೆಯುವ ಕೆಲಸ.

ಮಾಂಸದ ಅಂಗಡಿಯಲ್ಲಿ ತೆರೆದ ಕಚೇರಿ

ಇಂಥ ಕೇಂದ್ರಗಳು ಬೇರೆ ಬೇರೆ ದೇಶಗಳಲ್ಲಿ ಸುಮಾರು ಒಂದೇ ಕಾಲಕ್ಕೆ ಹುಟ್ಟಿದವು. ಇಂಗ್ಲೆಂಡಿನ ಲಂಡನ್ ನಗರದಲ್ಲಿ ಉತ್ತರ ಕೆನ್ಸಿಂಗ್ಟನ್ ಎಂಬ ಬಡವರ ಬಡಾವಣೆ ಇತ್ತು. ಅಲ್ಲಿ 1970ರಲ್ಲಿ, ಮೊದಲು ಮಾಂಸದ ಅಂಗಡಿಯಾಗಿದ್ದ ಒಂದು ಕಟ್ಟಡದಲ್ಲಿ ಆ ದೇಶದ ಮೊದಲ ನೆರೆಹೊರೆಯ ಕಾನೂನು ಕೇಂದ್ರ ಬಾಗಿಲು ತೆರೆಯಿತು. ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದ ಫಿಟ್ಜ್‌ರಾಯ್ ಬಡಾವಣೆಯಲ್ಲಿ 1972ರ ಡಿಸೆಂಬರಿನಲ್ಲಿ ಪುರಭವನದ ನೆಲಮಾಳಿಗೆಯಲ್ಲಿ ಇಂಥದೇ ಒಂದು ಕೇಂದ್ರ ಶುರುವಾಯಿತು. ಹಗಲು ತಮ್ಮ ಕೆಲಸ ಮುಗಿಸಿದ ವಕೀಲರು ಸಾಯಂಕಾಲ ಬಂದು ಸಂಬಳವಿಲ್ಲದೆ ಕೂರುತ್ತಿದ್ದರು. ಬಾಡಿಗೆಯವರು, ಗಂಡನ ಹೊಡೆತ ತಿಂದ ಹೆಂಗಸರು, ಪೊಲೀಸರು ಹಿಡಿದ ಹುಡುಗರು, ಎಲ್ಲರೂ ಬರುತ್ತಿದ್ದರು.

ಹೀಗೆ ಕುಳಿತವರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಬರುವ ಜನ ಬೇರೆ ಬೇರೆ, ಆದರೆ ಕತೆ ಒಂದೇ. ಅದೇ ಬಗೆಯ ನೋಟೀಸು, ಅದೇ ಬಗೆಯ ಸಾಲಪತ್ರ, ಅದೇ ಠಾಣೆ. ಒಂದೊಂದಾಗಿ ಹೊಡೆದಾಡಿದರೆ ನೂರು ವರ್ಷವಾದರೂ ಮುಗಿಯದು. ಆದುದರಿಂದ ಅವರು ಕತೆಗಳನ್ನು ಬರೆದಿಟ್ಟರು, ಒಟ್ಟುಮಾಡಿದರು, ಸರಕಾರದ ಮುಂದೆ ಇಟ್ಟು ಕಾಯಿದೆ ಬದಲಾಯಿಸಿ ಎಂದರು. ಫಿಟ್ಜ್‌ರಾಯ್ ಕೇಂದ್ರದವರು 1977ರಲ್ಲಿ ಸಾಮಾನ್ಯ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಕಾನೂನಿನ ಕೈಪಿಡಿಯನ್ನೂ ಅಚ್ಚುಹಾಕಿದರು. ಕಾನೂನು ವಕೀಲರ ಬೀರುವಿನಿಂದ ಹೊರಗೆ ಬಂದು ಜನರ ಕೈಗೆ ಬಂತು.

ಈ ಕೆಲಸ ಈಗಲೂ ಎಷ್ಟು ಬೇಕಾಗಿದೆ ಎಂಬುದಕ್ಕೆ ಅದೇ ದೇಶದ ಒಂದು ಸಂಗತಿ ಹೇಳುತ್ತೇನೆ. ಅಲ್ಲಿ ಕೆಲಸವಿಲ್ಲದವರಿಗೆ ಸರಕಾರ ಸಹಾಯಧನ ಕೊಡುತ್ತದೆ. 2015-16ರಿಂದ ಅಲ್ಲಿನ ಸರಕಾರ ಒಂದು ಕಂಪ್ಯೂಟರ್ ಲೆಕ್ಕ ತಂದಿತು. ಒಬ್ಬನ ವರ್ಷದ ಸಂಪಾದನೆಯನ್ನು ತೆಗೆದುಕೊಂಡು 26 ಪಾಲು ಮಾಡಿ, ಪ್ರತಿ ಹದಿನೈದು ದಿನವೂ ಅವನು ಇಷ್ಟೇ ಸಂಪಾದಿಸಿದ್ದಾನೆ ಎಂದು ಕಂಪ್ಯೂಟರ್ ತೀರ್ಮಾನಿಸಿತು. ಸೀಸನ್ನಿನಲ್ಲಿ ಕೆಲಸವಿದ್ದು ಉಳಿದ ಕಾಲದಲ್ಲಿ ಬರಿಗೈಯಲ್ಲಿರುವವನ ಗತಿ ಏನು? ನಮಗೆ ಇದು ಹೇಳದೆಯೇ ಅರ್ಥವಾಗುತ್ತದೆ. ಮಳೆಗಾಲದ ಎಲೆಯೂ ಬೇಸಿಗೆಯ ಎಲೆಯೂ ಒಂದೇ ತೂಕ ಬರುತ್ತದೆಯೇ? ಆದರೆ ಕಂಪ್ಯೂಟರಿಗೆ ಅರ್ಥವಾಗಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಬಡವರಿಗೆ, "ನೀವು ಸರಕಾರಕ್ಕೆ ಬಾಕಿ ಕೊಡಬೇಕು" ಎಂದು ತಪ್ಪು ಲೆಕ್ಕದ ನೋಟೀಸು ಹೋಯಿತು. ಸಣ್ಣ ಸಣ್ಣ ಕಾನೂನು ಕೇಂದ್ರಗಳು ಈ ನೋಟೀಸುಗಳನ್ನು ಒಟ್ಟುಮಾಡಿ ಕೂಗೆಬ್ಬಿಸಿದವು. ಸರಕಾರಿ ಹಣದಿಂದಲೇ ನಡೆಯುವ ಒಂದು ಕಾನೂನು ನೆರವಿನ ಸಂಸ್ಥೆ ಕೋರ್ಟಿಗೆ ಹೋಯಿತು. 2019ರ ನವೆಂಬರಿನಲ್ಲಿ ಆ ಲೆಕ್ಕ ಕಾನೂನಿಗೆ ವಿರುದ್ಧವೆಂದು ಕೋರ್ಟಿನಲ್ಲಿ ಸರಕಾರವೇ ಒಪ್ಪಬೇಕಾಯಿತು. ವಸೂಲಿಯಾದ ಹಣ ಹಿಂದಕ್ಕೆ ಬಂತು. 2023ರಲ್ಲಿ ವಿಚಾರಣಾ ಆಯೋಗದ ವರದಿಯೂ ಬಂತು. ನೋಟೀಸು ಸಿಕ್ಕಿದ ಒಬ್ಬೊಬ್ಬರೂ, "ನನ್ನದೇ ಏನೋ ತಪ್ಪಿರಬೇಕು" ಎಂದು ಮೂಲೆಯಲ್ಲಿ ಕುಳಿತಿದ್ದರೆ ಇದು ಎಂದಾದರೂ ಬಯಲಾಗುತ್ತಿತ್ತೇ?

ಒಂದು ರೂಪಾಯಿಯ ಕೇಸು

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮ ಪಕ್ಕದ ಮಲಬಾರಿನ ತಲಶ್ಶೇರಿಯಲ್ಲಿ ವಿ.ಆರ್. ಕೃಷ್ಣ ಅಯ್ಯರ್ ಎಂಬ ವಕೀಲರಿದ್ದರು. ರೈತರ, ಕಾರ್ಮಿಕರ ಪರವಾಗಿ ಕೇಸು ನಡೆಸಿದವರು. 1957ರ ಕೇರಳ ಸರಕಾರದಲ್ಲಿ ಮಂತ್ರಿಯಾದರು, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. 1973ರಲ್ಲಿ ಕೇಂದ್ರ ಸರಕಾರದ ಸಮಿತಿಯೊಂದರ ಅಧ್ಯಕ್ಷರಾಗಿ ಬಡವರಿಗೆ ಕಾನೂನು ನೆರವು ಹೇಗೆ ಸಿಗಬೇಕೆಂದು ವರದಿ ಕೊಟ್ಟರು. ಪಿ.ಎನ್. ಭಗವತಿಯವರೂ ಗುಜರಾತಿನಲ್ಲಿ ಇದೇ ಕೆಲಸ ಮಾಡಿದ್ದರು. 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ 39ಎ ಎಂಬ ವಿಧಿ ಸೇರಿತು. ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪಬಾರದು, ಪುಕ್ಕಟೆ ಕಾನೂನು ನೆರವು ಕೊಡುವುದು ರಾಜ್ಯದ ಹೊಣೆ ಎಂಬುದು ಅದರ ಸಾರ.

ಆದರೆ ಬಡವನು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತುವುದೆಂತು? ಹಿಂದೆ, ಯಾರಿಗೆ ಅನ್ಯಾಯವಾಗಿದೆಯೋ ಅವರೇ ಬರಬೇಕೆಂದು ಕೋರ್ಟು ಹೇಳುತ್ತಿತ್ತು. 1979ರಲ್ಲಿ ಬಿಹಾರದ ಜೈಲುಗಳ ಸ್ಥಿತಿ ಪತ್ರಿಕೆಯಲ್ಲಿ ಬಂತು. ವಿಚಾರಣೆಯೇ ಆಗದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರು ಅಲ್ಲಿದ್ದರು. ತಪ್ಪು ಸಾಬೀತಾಗಿದ್ದರೂ ಅಷ್ಟು ಶಿಕ್ಷೆಯಾಗುತ್ತಿರಲಿಲ್ಲ. ಕಪಿಲಾ ಹಿಂಗೋರಾನಿ ಎಂಬ ವಕೀಲೆ ಆ ಸುದ್ದಿಯನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಹುಸೇನಾರಾ ಖಾತೂನ್ ಕೇಸು ಎಂದು ಅದು ಹೆಸರಾಯಿತು. ಸಾವಿರಾರು ಜನ ಬಿಡುಗಡೆಯಾದರು. ಬೇಗ ವಿಚಾರಣೆಯಾಗುವುದು ಮನುಷ್ಯನ ಹಕ್ಕು ಎಂಬ ಮಾತು ಎಲ್ಲರಿಗೂ ಕಾನೂನಾಯಿತು.

ಅದರ ನಂತರ ಬಂದದ್ದು ನಮಗೆ ತೀರ ಹತ್ತಿರದ ಕೇಸು. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ. ಸ್ಟೇಡಿಯಂ, ಮೇಲ್ಸೇತುವೆ, ವಸತಿ ಕಟ್ಟಡ ಎಂದು ಕೆಲಸವೋ ಕೆಲಸ. ಬೇರೆ ರಾಜ್ಯಗಳಿಂದ ಕೂಲಿಗಳನ್ನು ಕರೆತಂದವರು ಜಮಾದಾರರು. ನಮ್ಮ ಕಡೆ ಹಿಂದೆ ಕಂಗಾಣಿಗಳು, ಮೇಸ್ತ್ರಿಗಳು ತಲೆಗಿಷ್ಟು ಎಂದು ಜನ ತಂದ ಹಾಗೆಯೇ. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಕಂಟ್ರಾಕ್ಟರು ಹಣವನ್ನು ಜಮಾದಾರನ ಕೈಗೆ ಕೊಡುತ್ತಿದ್ದ. ಜಮಾದಾರ ಒಂದು ರೂಪಾಯಿ ಕಮಿಷನ್ ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ಹೆಂಗಸರಿಗೆ ಇನ್ನೂ ಕಡಿಮೆ ಎಂಬ ದೂರೂ ಇತ್ತು.

ಪ್ರಜಾಸತ್ತಾತ್ಮಕ ಹಕ್ಕುಗಳ ಪರವಾದ ಒಂದು ಜನಸಂಘಟನೆ, ಪಿ.ಯು.ಡಿ.ಆರ್. ಎಂದು ಅದರ ಹೆಸರು, ಮೂವರು ಸಮಾಜ ವಿಜ್ಞಾನಿಗಳನ್ನು ಆ ಕೆಲಸದ ಜಾಗಗಳಿಗೆ ಕಳುಹಿಸಿತು. ಅವರು ಕೂಲಿಗಳನ್ನು ಕಂಡು, ಕೇಳಿ, ಬರೆದುಕೊಂಡು ವರದಿ ಮಾಡಿದರು. ಆ ವರದಿಯನ್ನು ಇಟ್ಟು ನ್ಯಾಯಮೂರ್ತಿ ಭಗವತಿಯವರಿಗೆ ಒಂದು ಪತ್ರ ಬರೆಯಲಾಯಿತು. ಕೋರ್ಟು ಆ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡಿತು.

"ಕೂಲಿಗಳು ದೂರು ಕೊಟ್ಟಿಲ್ಲ, ನೀವು ಯಾರು ಕೇಳಲಿಕ್ಕೆ?" ಎಂಬ ತಕರಾರು ಬಂತು. ಬಡತನದಿಂದಾಗಿ ಕೋರ್ಟಿಗೆ ಬರಲಾರದವರ ಪರವಾಗಿ ಬೇರೆಯವರು ಬರಬಹುದು ಎಂದಿತು ಕೋರ್ಟು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ಕೆಲಸ ಮಾಡಿಸಿದರೆ ಅದು ಬಲವಂತದ ದುಡಿಮೆ, ಸಂವಿಧಾನದ 23ನೆಯ ವಿಧಿಗೆ ವಿರುದ್ಧ ಎಂದಿತು. ಕೈಯಲ್ಲಿ ಚಾವಟಿ ಹಿಡಿದು ನಿಂತರೆ ಮಾತ್ರ ಬಲವಂತವಲ್ಲ, ಹಸಿವು ಬೆನ್ನಟ್ಟಿ ಬಂದು ಕಡಿಮೆ ಕೂಲಿಗೆ ಒಪ್ಪಿಸಿದರೆ ಅದೂ ಬಲವಂತವೇ ಎಂದಿತು.

ಇದನ್ನು ಸ್ವಲ್ಪ ಯೋಚಿಸಿ ನೋಡಿರಿ. "ಅವರೇ ಒಪ್ಪಿಕೊಂಡು ಬಂದಿದ್ದಾರೆ, ನಾವು ಕೈಹಿಡಿದು ಎಳೆದು ತಂದಿದ್ದೇವೆಯೇ?" ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆ! ಆ ಮಾತಿಗೆ ಸುಪ್ರೀಂ ಕೋರ್ಟು 1982ರಲ್ಲೇ ಉತ್ತರ ಕೊಟ್ಟಿದೆ. ಮೊತ್ತ ಎಷ್ಟರದ್ದು? ದಿನಕ್ಕೆ ಒಂದು ರೂಪಾಯಿ. ಆ ಒಂದು ರೂಪಾಯಿಯನ್ನು ಬಿಡದೆ ಬರೆದಿಟ್ಟುದರಿಂದ ದೇಶದ ಕೂಲಿಗಳಿಗೆಲ್ಲ ಒಂದು ಕಾನೂನು ಸಿಕ್ಕಿತು.

ಅದೇ ವರ್ಷ ಬಂಧುವಾ ಮುಕ್ತಿ ಮೋರ್ಚಾ ಎಂಬ ಸಂಘಟನೆ ಹರಿಯಾಣದ ಫರೀದಾಬಾದಿನ ಕಲ್ಲುಕ್ವಾರಿಗಳ ಜೀತದಾಳುಗಳ ವಿಷಯ ಪತ್ರ ಬರೆಯಿತು. ಕೋರ್ಟು ಇಬ್ಬರು ವಕೀಲರನ್ನು ಕ್ವಾರಿಗೇ ಕಳುಹಿಸಿ ವರದಿ ತರಿಸಿತು. "ಇವರು ಜೀತದವರೆಂದು ಮೊದಲು ಸಾಬೀತು ಮಾಡಿ" ಎಂದು ಸರಕಾರ ವಾದಿಸಿತು. ಬಲವಂತದ ದುಡಿಮೆ ಕಂಡುಬಂದರೆ ಅದನ್ನು ಜೀತವೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಮಾಲಿಕನದು ಎಂದು 1983ರ ಡಿಸೆಂಬರಿನಲ್ಲಿ ತೀರ್ಪಾಯಿತು. ಬಾಯಿಲ್ಲದವನ ತಲೆಯ ಮೇಲಿದ್ದ ಹೊರೆಯನ್ನು ಇಳಿಸಿ ಬಲವುಳ್ಳವನ ತಲೆಯ ಮೇಲೆ ಇಟ್ಟದ್ದು ಸಣ್ಣ ಮಾತಲ್ಲ.

ಮಸ್ಟರ್ ರೋಲಿನಿಂದ ಮಾಹಿತಿ ಹಕ್ಕಿಗೆ

ಕೋರ್ಟಿನಲ್ಲಿ ಗೆದ್ದರೆ ಎಲ್ಲ ಮುಗಿಯಿತೇ? ಇಲ್ಲ. ರಾಜಸ್ಥಾನದ ಕತೆಯನ್ನು ಕೇಳಿರಿ.

ಅಲ್ಲಿ ಬರಗಾಲದ ಕಾಮಗಾರಿ ನಡೆಯುತ್ತಿತ್ತು. ಬರದ ಕೆಲಸಕ್ಕೆ ಕನಿಷ್ಠ ಕೂಲಿ ಕೊಡಬೇಕಾಗಿಲ್ಲ ಎಂದು ಆ ರಾಜ್ಯ 1964ರಲ್ಲೇ ಕಾಯಿದೆ ಮಾಡಿಕೊಂಡಿತ್ತು. ರಸ್ತೆ ಕೆಲಸದ ಹೆಂಗಸರ ಪರವಾಗಿ ಸಂಜಿತ್ ರಾಯ್ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. 1983ರಲ್ಲಿ ಕೋರ್ಟು, ಬರದಲ್ಲಿ ಹಸಿದವರ ಅಸಹಾಯಕತೆಯನ್ನು ಸರಕಾರ ತನ್ನ ಲಾಭಕ್ಕೆ ಬಳಸಬಾರದು, ಕನಿಷ್ಠ ಕೂಲಿ ಕೊಡಲೇಬೇಕು ಎಂದಿತು.

ಕಾನೂನು ಬಂತು. ಆದರೆ ಕೂಲಿ ಬಂತೇ? ನಾಲ್ಕು ವರ್ಷಗಳ ನಂತರ, 1987ರಲ್ಲಿ, ಅರುಣಾ ರಾಯ್, ನಿಖಿಲ್ ಡೇ, ಶಂಕರ ಸಿಂಗ್ ಮೊದಲಾದವರು ದೇವಡುಂಗರಿ ಎಂಬ ಹಳ್ಳಿಯಲ್ಲಿ ಬಂದು ನೆಲೆಸಿದಾಗ ಜನ ಹೇಳಿದ್ದು ಅದೇ ಹಳೆಯ ದೂರು: "ಪೂರ್ತಿ ಕೂಲಿ ಸಿಗುವುದಿಲ್ಲ." ಕೇಳಲು ಹೋದರೆ ಅಧಿಕಾರಿಗಳು, "ನೀವು ಅಳತೆಯಷ್ಟು ಕೆಲಸ ಮಾಡಿಲ್ಲ, ದಾಖಲೆಯಲ್ಲಿ ಹಾಗಿದೆ" ಎನ್ನುತ್ತಿದ್ದರು. ದಾಖಲೆ ತೋರಿಸಿ ಎಂದರೆ, ಅದು ಸರಕಾರದ ಗುಟ್ಟು!

1990ರ ಮೇ 1ರಂದು ಅವರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಎಂಬ ಸಂಘ ಕಟ್ಟಿದರು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾಣಾ ಎಂಬಲ್ಲಿ ಮೊದಲ ಜನಸುನವಾಯಿ, ಅಂದರೆ ಊರಿನ ಎದುರಿಗೇ ಅಹವಾಲು ಕೇಳುವ ಸಭೆ, ನಡೆಸಿದರು. ಅಲ್ಲಿ ಮಸ್ಟರ್ ರೋಲನ್ನು ಗಟ್ಟಿಯಾಗಿ ಓದಿದರು. ಕೆಲಸಕ್ಕೆ ಹೋಗದವರ ಹೆಸರೂ ಅದರಲ್ಲಿತ್ತು, ಹಣ ಪಡೆದರೆಂದೂ ಬರೆದಿತ್ತು. ಓದುಬರಹ ಬಾರದ ಹೆಂಗಸರು ಎದ್ದು ನಿಂತು, "ಇದು ಸುಳ್ಳು" ಎಂದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ರಾಜಸ್ಥಾನದಲ್ಲಿ 2000ದಲ್ಲಿ ಮಾಹಿತಿ ಹಕ್ಕಿನ ಕಾಯಿದೆಯಾಯಿತು, 2005ರಲ್ಲಿ ಇಡೀ ದೇಶಕ್ಕೆ ಮಾಹಿತಿ ಹಕ್ಕು ಕಾಯಿದೆ ಬಂತು. ಇಂದು ನಾವು 10 ರೂಪಾಯಿ ಶುಲ್ಕ ಕಟ್ಟಿ ಸರಕಾರಿ ಕಚೇರಿಗೆ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಆ ಕಾನೂನಿನ ಬೇರು ದೆಹಲಿಯಲ್ಲಿಲ್ಲ, ಕೂಲಿ ಸಿಗದ ಹೆಂಗಸರ ಹಾಜರಿ ಪುಸ್ತಕದಲ್ಲಿದೆ.

ನಮಗೂ ಹಾಜರಿ ಪುಸ್ತಕವಿದೆ. ಚೆಕ್‌ರೋಲು ಎನ್ನುತ್ತೇವೆ. ಅದರಲ್ಲಿ ನಮ್ಮ ಹೆಸರಿನ ಎದುರಿಗೆ ಏನು ಬರೆದಿದೆ ಎಂದು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ಚಹಾ ತೋಟಗಳ ಕೇಸು

ಚಹಾ ತೋಟದ ಕಾರ್ಮಿಕರದ್ದೇ ಒಂದು ಕೇಸು ಇದೆ. ಅಸ್ಸಾಮ್, ಪಶ್ಚಿಮ ಬಂಗಾಳ, ಕೇರಳ, ತಮಿಳುನಾಡು, ಈ ರಾಜ್ಯಗಳಲ್ಲಿ ಎಷ್ಟೋ ತೋಟಗಳನ್ನು ಮಾಲಿಕರು ಹಾಗೆಯೇ ಬಿಟ್ಟುಹೋದರು. ಸಂಬಳ ನಿಂತಿತು, ರೇಷನ್ ನಿಂತಿತು, ಆಸ್ಪತ್ರೆ ಮುಚ್ಚಿತು, ಪಿ.ಎಫ್. ಹಣ ಕಟ್ಟಿರಲಿಲ್ಲ. ಜನ ಮಾತ್ರ ಲೈನಿನಲ್ಲೇ ಉಳಿದರು, ಹೋಗುವುದಾದರೂ ಎಲ್ಲಿಗೆ? ಆಹಾರ, ಕೃಷಿ, ತೋಟ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟವಾದ ಐ.ಯು.ಎಫ್. 2006ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 1953ರ ಚಹಾ ಕಾಯಿದೆಯ ಪ್ರಕಾರ ಕೇಂದ್ರ ಸರಕಾರ ತನ್ನ ಕರ್ತವ್ಯ ಮಾಡಬೇಕೆಂದು 2010ರ ಆಗಸ್ಟಿನಲ್ಲಿ ಆದೇಶವಾಯಿತು. ಅವಧಿ ಆರು ತಿಂಗಳು.

ಆರು ತಿಂಗಳಲ್ಲಿ ಆಗಲಿಲ್ಲ. ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬೇಕಾಯಿತು. ಕೋರ್ಟು ನಿವೃತ್ತ ನ್ಯಾಯಮೂರ್ತಿಯೊಬ್ಬರ ಸಮಿತಿ ನೇಮಿಸಿ ಬಾಕಿ ಲೆಕ್ಕ ಹಾಕಿಸಿತು. ಅಸ್ಸಾಮಿನ 25 ತೋಟಗಳಲ್ಲೇ 28,556 ಕಾರ್ಮಿಕರಿಗೆ ಸುಮಾರು 414 ಕೋಟಿ ರೂಪಾಯಿ ಬಾಕಿ, ಅದಲ್ಲದೆ ಪಿ.ಎಫ್. ಇಲಾಖೆಗೆ ಸುಮಾರು 230 ಕೋಟಿ. 2023ರಲ್ಲೂ 2024ರಲ್ಲೂ ಕೋರ್ಟು ಹಣ ಕೊಡಿಸಲು ಮತ್ತೆ ಮತ್ತೆ ಆದೇಶ ಮಾಡಬೇಕಾಯಿತು. ಈ ನಡುವೆ ಎಷ್ಟು ಅಜ್ಜಿಯರು ಆ ಹಣವನ್ನು ಕಾಣದೆಯೇ ಮಣ್ಣಾಗಿರಬಹುದು, ನೀವೇ ಊಹಿಸಿರಿ.

ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ತೀರ್ಪು ಎಂಬುದು ಚೆಕ್ ಇದ್ದ ಹಾಗೆ. ಅದನ್ನು ಹಣ ಮಾಡಿಕೊಳ್ಳಲು ಬ್ಯಾಂಕಿಗೆ ನಡೆಯಲೇಬೇಕು. ಒಂದು ಬಾರಿ ಸಾಲದಿದ್ದರೆ ಹತ್ತು ಬಾರಿ ನಡೆಯಬೇಕು. ಹಾಗೆ ನಡೆಯುವ ಕಾಲು ವಕೀಲರದ್ದಲ್ಲ, ನಮ್ಮದು. ಮತ್ತೊಂದು ವಿಷಯ: ಆ ಸಮಿತಿ ಒಬ್ಬೊಬ್ಬ ಕಾರ್ಮಿಕರ ಬಾಕಿಯನ್ನು ಲೆಕ್ಕ ಹಾಕಬೇಕಾದರೆ ಆಧಾರ ಬೇಕು. ಸಂಬಳ ಚೀಟಿ, ಪಿ.ಎಫ್. ನಂಬರು, ಹಾಜರಿ. ಕಾಗದ ಇಟ್ಟುಕೊಂಡವರ ಲೆಕ್ಕ ಸುಲಭ, ಕಾಗದ ಒಲೆಗೆ ಹಾಕಿದವರ ಲೆಕ್ಕ ಕಷ್ಟ.

ನಮ್ಮ ಮುಂದಿರುವ ಕೆಲಸ

ಈಗ ನಮ್ಮ ಲೈನಿನ ಬಾಗಿಲಿಗೆ ಬರುತ್ತೇನೆ. ನಮಗೆ ಮನೆ, ನೀರು, ಆಸ್ಪತ್ರೆ, ಮಕ್ಕಳನ್ನು ಬಿಟ್ಟುಹೋಗಲು ಶಿಶುವಿಹಾರ, ಇವನ್ನೆಲ್ಲ ಕೊಟ್ಟದ್ದು 1951ರ ತೋಟ ಕಾರ್ಮಿಕರ ಕಾಯಿದೆ ಎಂದು ನಮ್ಮ ಹಿರಿಯರು ಬಲ್ಲರು. 2025ರ ನವೆಂಬರ್ 21ರಿಂದ ಆ ಕಾಯಿದೆ ಹಳೆಯದಾಯಿತು. 29 ಕಾರ್ಮಿಕ ಕಾಯಿದೆಗಳನ್ನು ಸೇರಿಸಿ ನಾಲ್ಕು ಸಂಹಿತೆಗಳನ್ನು ಸರಕಾರ ಜಾರಿಗೆ ತಂದಿದೆ. ತೋಟದವರ ವಿಷಯ ಅದರಲ್ಲಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಯ ಸಂಹಿತೆಯೊಳಗೆ ಬಂದಿದೆ. ಮನೆ, ಕುಡಿಯುವ ನೀರು, ಶೌಚಾಲಯ, ಶಿಶುವಿಹಾರ, ಶಿಕ್ಷಣ, ಆರೋಗ್ಯ ಎಂಬ ಮಾತುಗಳು ಅದರಲ್ಲೂ ಇವೆ. ಪ್ರತಿಯೊಬ್ಬ ಕೆಲಸಗಾರರಿಗೂ ನೇಮಕ ಪತ್ರ ಕೊಡಬೇಕೆಂಬ ಹೊಸ ಮಾತೂ ಇದೆ. ಅದನ್ನು ಕೇಳಿ ಪಡೆಯಿರಿ.

ಆದರೆ ಸಂಹಿತೆಯಲ್ಲಿ "ಮನೆ" ಎಂದಷ್ಟೇ ಇದ್ದರೆ ಮನೆ ಎಷ್ಟು ದೊಡ್ಡದು, ಛಾವಣಿ ಸೋರಿದರೆ ಎಷ್ಟು ದಿನದೊಳಗೆ ಸರಿಮಾಡಬೇಕು, ಶೌಚಾಲಯ ಎಷ್ಟು ಜನಕ್ಕೊಂದು, ಇದನ್ನೆಲ್ಲ ತೀರ್ಮಾನಿಸುವುದು ನಿಯಮಗಳು. ತೋಟಗಳ ಸೌಕರ್ಯದ ನಿಯಮ ಮಾಡುವುದು ರಾಜ್ಯ ಸರಕಾರ. ನಿಯಮ ಮಾಡುವ ಮುಂಚೆ ಕರಡನ್ನು ಪ್ರಕಟಿಸಿ ಜನರ ಆಕ್ಷೇಪಣೆ, ಸಲಹೆಗಳನ್ನು ಕೇಳಬೇಕೆಂದು ಸಂಹಿತೆಯಲ್ಲೇ ಇದೆ. ಮಾಲಿಕರ ಸಂಘದವರು ತಮ್ಮ ಸಲಹೆಯನ್ನು ಟೈಪು ಮಾಡಿಸಿ ಕಳುಹಿಸುತ್ತಾರೆ, ಅದು ಅವರ ಹಕ್ಕು. ನಮ್ಮ ಕಡೆಯಿಂದ ಒಂದು ಕಾಗದವೂ ಹೋಗದಿದ್ದರೆ, "ಕಾರ್ಮಿಕರಿಗೆ ಆಕ್ಷೇಪಣೆ ಇಲ್ಲ" ಎಂದೇ ಅರ್ಥವಾಗುತ್ತದೆ. ಕಾನೂನು ಸುಧಾರಣೆ ಎಂಬ ದೊಡ್ಡ ಮಾತಿನ ಅರ್ಥ ಇಷ್ಟೇ. ಹೊತ್ತಿಗೆ ಸರಿಯಾಗಿ ನಮ್ಮ ಕಾಗದ ಹೋಗಬೇಕು, ಅದರ ಹಿಂದೆ ನಮ್ಮ ಲೆಕ್ಕವಿರಬೇಕು.

ನಾವು ಏನು ಕೇಳಬೇಕು? ನನ್ನ ಮನಸ್ಸಿಗೆ ಬಂದ ಎರಡು ವಿಷಯ ಹೇಳುತ್ತೇನೆ.

ಮೊದಲನೆಯದು ಮನೆ. ಮೂವತ್ತೈದು ವರ್ಷ ಎಲೆ ಕಿತ್ತ ತಾಯಿ ಕೆಲಸದಿಂದ ನಿಂತ ದಿನ ಆ ಲೈನ್ ಮನೆ ಅವಳದಲ್ಲ. ಮನೆ ಕೆಲಸಕ್ಕೆ ಕಟ್ಟಿದೆ. ಮಗನೋ ಸೊಸೆಯೋ ಚೆಕ್‌ರೋಲಿನಲ್ಲಿ ಇದ್ದರೆ ಇರಬಹುದು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಎಷ್ಟೋ ಹುಡುಗರು ಓದು ಬಿಟ್ಟು ತೋಟಕ್ಕೆ ಹೆಸರು ಬರೆಸುವುದು ಕೆಲಸದ ಆಸೆಗಲ್ಲ, ಅಜ್ಜಿಯ ತಲೆಯ ಮೇಲೆ ಸೂರು ಉಳಿಯಲಿ ಎಂದು. ಇದು ಒಂದು ಮನೆಯ ಕಷ್ಟವಲ್ಲ, ಟ್ಯಾಂಕಿನ ನೀರೇ ಕೆಟ್ಟಿದೆ. ಕೆಲಸ ಬಿಟ್ಟ ಮೇಲೆ ಗ್ರಾಚುಟಿ, ಪಿ.ಎಫ್. ಪೂರ್ತಿ ಕೈಗೆ ಬರುವವರೆಗೆ ಮನೆ ಬಿಡಿಸಬಾರದೆಂದು, ನಿವೃತ್ತರಿಗೆ ಮನೆ ನಿವೇಶನ ಕೊಡಬೇಕೆಂದು ನಾವು ಲಿಖಿತವಾಗಿ ಕೇಳಬೇಕು.

ಎರಡನೆಯದು, ನಮ್ಮ ಪಕ್ಕದ ಲೈನಿನವರು. ಈಗ ತೋಟಗಳಲ್ಲಿ ಜಾರ್ಖಂಡ್, ಒಡಿಶಾ, ಅಸ್ಸಾಮ್ ಕಡೆಯ ಕುಟುಂಬಗಳು ಬಂದಿವೆ. ಅವರ ಭಾಷೆ ನಮಗೆ ಬಾರದು, ನಮ್ಮ ಭಾಷೆ ಅವರಿಗೆ ಬಾರದು. "ಅವರು ಬಂದದ್ದರಿಂದ ನಮ್ಮ ಕೂಲಿ ಏರುವುದಿಲ್ಲ" ಎಂದು ನಮ್ಮವರೇ ಗೊಣಗುವುದನ್ನು ಕೇಳಿದ್ದೇನೆ. ಒಂದು ಮಾತು ಕೇಳುತ್ತೇನೆ: ನಮ್ಮ ಅಜ್ಜ ಅಜ್ಜಿಯರು ಈ ಬೆಟ್ಟ ಹತ್ತಿದಾಗ ಯಾವ ಭಾಷೆ ಮಾತಾಡಿಕೊಂಡು ಬಂದರು? ಅವರನ್ನು ಕಂಡು ಇಲ್ಲಿದ್ದವರು ಏನು ಗೊಣಗಿದ್ದಾರು? ಏಷ್ಯನ್ ಕ್ರೀಡಾಕೂಟದ ಕೂಲಿಗಳಿಗೆ ಬರೆಯಲು ಬಾರದಿದ್ದಾಗ ಬರೆಯಲು ಬಂದವರು ಬರೆದರು. ಇಲ್ಲಿ ಬರೆಯಲು ಬರುವವರು ನಾವು. ಅವರ ಹೆಸರು ಚೆಕ್‌ರೋಲಿನಲ್ಲಿ ಇದೆಯೇ, ಪಿ.ಎಫ್. ಹಿಡಿಯುತ್ತಾರೆಯೇ, ಹೆಂಗಸರಿಗೆ ಸರಿಸಮ ಕೂಲಿ ಕೊಡುತ್ತಾರೆಯೇ ಎಂದು ಕೇಳಿ ತಿಳಿಯುವುದು ನಮ್ಮ ಕೆಲಸ. ಅವರಿಗೆ ಕಡಿಮೆ ಕೊಡುವ ದಾರಿ ಮುಚ್ಚಿದರೆ ಮಾತ್ರ ನಮ್ಮ ಕೂಲಿಯೂ ಉಳಿಯುತ್ತದೆ.

"ಅರ್ಜಿಗೆ ಸಹಿ ಹಾಕಿದರೆ ನಾಳೆ ರೈಟರು ನನ್ನನ್ನೇ ಕಷ್ಟದ ಫೀಲ್ಡಿಗೆ ಹಾಕುತ್ತಾರೆ" ಎಂಬ ಭಯ ನಿಮಗಿದೆ. ಅದು ಬರೀ ಭಯವಲ್ಲ, ಆಗುವುದೂ ಉಂಟು. ಅದಕ್ಕೇ ಒಬ್ಬರೇ ಸಹಿ ಹಾಕಬೇಡಿ. ಇಡೀ ಲೈನು ಹಾಕಲಿ, ಇಲ್ಲವೆ ಸಂಘದ ಹೆಸರಿನಲ್ಲಿ ಹೋಗಲಿ. ನಮ್ಮ ಪರವಾಗಿ ಬೇರೆಯವರು ಕೇಳಬಹುದೆಂಬ ಕಾನೂನು ಇರುವುದೇ ಇಂಥ ಭಯಕ್ಕಾಗಿ.

ಇನ್ನು ಸಹಾಯ ಎಲ್ಲಿ ಸಿಗುತ್ತದೆ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ತಾಲ್ಲೂಕು ಕೋರ್ಟಿನಲ್ಲಿ ಅದರ ಸಮಿತಿ ಇದೆ, ಜಿಲ್ಲಾ ಕೋರ್ಟಿನಲ್ಲಿ ಪ್ರಾಧಿಕಾರ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಉದ್ದಿಮೆಯ ಕಾರ್ಮಿಕರು, ಇವರಿಗೆಲ್ಲ ವರಮಾನದ ಮಿತಿ ನೋಡದೆ ಪುಕ್ಕಟೆ ವಕೀಲರನ್ನು ಕೊಡಬೇಕು. 15100 ಎಂಬ ನಂಬರಿಗೆ ಫೋನು ಮಾಡಬಹುದು, ಖರ್ಚಿಲ್ಲ. ಲೋಕ ಅದಾಲತ್ತಿಗೆ ಕರೆದರೆ ಹೋಗಿರಿ, ಆದರೆ ಒಂದು ಎಚ್ಚರಿಕೆ: ಅಲ್ಲಿ ರಾಜಿಯಾದದ್ದು ಕೊನೆಯ ಮಾತು, ಅದರ ಮೇಲೆ ಅಪೀಲು ಇಲ್ಲ. ಓದಿಸಿ, ಅರ್ಥ ಮಾಡಿಕೊಂಡು, ಒಪ್ಪಿಗೆಯಾದರೆ ಮಾತ್ರ ಸಹಿ ಹಾಕಿರಿ.

ಕೊನೆಯದಾಗಿ, ಇಂದೇ ಆಗಬಹುದಾದ ಮೂರು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ಒಂದು, ಪ್ರತಿ ಮನೆಯಲ್ಲೂ ಒಂದು ಪ್ಲಾಸ್ಟಿಕ್ ಚೀಲ ಇರಲಿ. ಸಂಬಳ ಚೀಟಿ, ಪಿ.ಎಫ್. ಕಾಗದ, ಆಸ್ಪತ್ರೆ ಚೀಟಿ, ಆಧಾರ್ ನಕಲು ಅದರಲ್ಲಿರಲಿ. ಎರಡೂ ಕಡೆ ಹೆಸರು ಒಂದೇ ರೀತಿ ಇದೆಯೇ ಎಂದು ಶಾಲೆಗೆ ಹೋಗುವ ಮಕ್ಕಳಿಂದ ನೋಡಿಸಿರಿ. ಎರಡು, ಪ್ರತಿ ಲೈನಿಗೂ ಒಂದು ನೂರು ಪುಟದ ನೋಟ್‌ಬುಕ್ ಇರಲಿ. ತಾರೀಕು, ಹೆಸರು, ಏನಾಯಿತು, ಯಾರಿಗೆ ಹೇಳಿದೆವು, ಏನು ಉತ್ತರ ಬಂತು, ಇಷ್ಟೇ ಬರೆಯಿರಿ. ಕೋಪ ಬರೆಯಬೇಡಿ, ಲೆಕ್ಕ ಬರೆಯಿರಿ. ಮೂರು, ತಿಂಗಳಿಗೊಮ್ಮೆ ಆ ನೋಟ್‌ಬುಕ್ಕುಗಳನ್ನು ತಂದು ಒಟ್ಟಿಗೆ ಕೂತು ಓದೋಣ. ಒಂದೇ ದೂರು ನಾಲ್ಕು ಲೈನಿನಲ್ಲಿ ಕಂಡರೆ ಅದು ಒಬ್ಬರ ದೂರಲ್ಲ, ಅದಕ್ಕೆ ಸಂಘದಿಂದ ಕಾಗದ ಹೋಗಬೇಕು.

ನೋಟ್‌ಬುಕ್ ಬರೆಯಲು ಎಸ್.ಎಸ್.ಎಲ್.ಸಿ. ಬೇಕಾಗಿಲ್ಲ, ಐದನೆಯ ತರಗತಿ ಸಾಕು. ಸಭೆ ಮುಗಿದ ಮೇಲೆ ಬಾಗಿಲ ಬಳಿ ಮೇಜಿನ ಮೇಲೆ ಎಂಟು ನೋಟ್‌ಬುಕ್ಕುಗಳನ್ನು ಇಟ್ಟಿದ್ದೇವೆ. ಲೈನಿಗೊಬ್ಬರು, ಆದಷ್ಟು ತಾಯಂದಿರೇ, ಬಂದು ಹೆಸರು ಕೊಟ್ಟು ತೆಗೆದುಕೊಂಡು ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.